ಪೆನ್ನಿಗೊಂದು ಪೀಠ

ಜೇಬಿಗೆ ಸಿಕ್ಕಿಸಿಕೊಳ್ಳುವ ಪೆನ್ನಿಗೆ ಪೀಠ ಬೇಕಿಲ್ಲ. ಅದಕ್ಕೆ ಕ್ಲಿಪ್ ಇದೆ, ಮುಚ್ಚಳ ಇದೆ, ಹೊಟ್ಟೆಯೊಳಗೇ ಶಾಯಿ ಇದೆ. ಬರೆದು ಮುಗಿದ ಮೇಲೆ ಮುಚ್ಚಳ ತಿರುಗಿಸಿ ಅಂಗಿಯ ಜೇಬಿಗೆ ಇಳಿಸಿದರೆ ಆಯಿತು. ಆದರೂ ರಾಜಮಂಡ್ರಿಯಲ್ಲೋ ತಮಿಳುನಾಡಿನ ತಿರುವಳ್ಳೂರಿನಲ್ಲೋ ಸಣ್ಣ ಲೇತ್ ಮೇಲೆ ಒಂದೊಂದಾಗಿ ಕಡೆದು ಮಾಡಿದ ಎಬೊನೈಟ್ ಪೆನ್ನು ಕೊಂಡವರಲ್ಲಿ ಹಲವರು, ಎರಡನೆಯದೋ ಮೂರನೆಯದೋ ಪೆನ್ನು ಮನೆಗೆ ಬರುವಷ್ಟರಲ್ಲಿ ಇನ್ನೊಂದು ವಸ್ತುವಿನ ಹುಡುಕಾಟ ಶುರು ಮಾಡುತ್ತಾರೆ. ಅದು ಮರದ ಸ್ಟ್ಯಾಂಡು. ಆರೋ ಹನ್ನೆರಡೋ ತೋಡುಗಳಿರುವ, ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಪೆನ್ನನ್ನು ಮಲಗಿಸಬಹುದಾದ ಸಣ್ಣ ಪೀಠ. ಕೆಲವರು ಪರಿಚಯದ ಬಡಗಿಗೆ ಹೇಳಿ ಮಾಡಿಸಿಕೊಳ್ಳುತ್ತಾರೆ, ಕೆಲವರು ರಜೆಯ ದಿನ ತಾವೇ ಉಳಿ ಹಿಡಿದು ಕೂರುತ್ತಾರೆ.

ವಸ್ತು ಚಿಕ್ಕದು, ಅದರ ಚರಿತ್ರೆ ಮಾತ್ರ ಸುತ್ತುದಾರಿಯದು. ಶಾಯಿ ಪೆನ್ನಿನ ಹೊರಗಿದ್ದ ಕಾಲದಲ್ಲಿ ಪೀಠವಿಲ್ಲದೆ ಬರವಣಿಗೆಯೇ ಸಾಗುತ್ತಿರಲಿಲ್ಲ. ಶಾಯಿ ಪೆನ್ನಿನ ಒಳಗೆ ಹೋದಾಗ ಪೀಠ ಮೂಲೆ ಸೇರಿತು. ಈಗ ಬರವಣಿಗೆಯೇ ಪೆನ್ನನ್ನು ಬಿಟ್ಟು ಫೋನಿನ ಗಾಜಿನ ಮೇಲೆ ನಡೆಯುತ್ತಿರುವಾಗ ಪೀಠ ವಾಪಸು ಬಂದಿದೆ. ಹಳೆಯ ಪೀಠ ಬರೆಯುವವರ ಅನುಕೂಲಕ್ಕೆ ಇತ್ತು, ಹೊಸದು ನೋಡುವವರ ಕಣ್ಣಿಗೆ. ಕೈಯಲ್ಲಿ ಪೆನ್ನು ಮಾಡಿ ಬದುಕುವ ಕೆಲವೇ ಮನೆಗಳ ಪಾಲಿಗೆ ಈ ವ್ಯತ್ಯಾಸ ಹೊಟ್ಟೆಪಾಡಿನ ವಿಷಯವೂ ಹೌದು.

ಮಸಿ ಇದ್ದಲ್ಲಿ ಪೀಠ

ಕನ್ನಡನಾಡಿನ ಹಳೆಯ ಬರಹಗಾರನಿಗೆ ಪೀಠದ ಅಗತ್ಯವೇ ಇರಲಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಆಮೇಲೆ ಕಾಡಿಗೆಯನ್ನು ಸವರಿ ಒರೆಸಿದರೆ ಕೊರೆದಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಬರೆಯುವಾಗ ಮಸಿ ಬೇಡ, ಆದ್ದರಿಂದ ಮಸಿಕುಡಿಕೆಯೂ ಬೇಡ. ವ್ಯಾಪಾರಿಗಳ, ಶಾನುಭೋಗರ ಲೆಕ್ಕದ ಕಡತವೂ ಹಾಗೆಯೇ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು, ಮಡಿಸಿ ಇಡುತ್ತಿದ್ದರು. ಕಂಠವಾಗಲಿ ಬಳಪವಾಗಲಿ ಒದ್ದೆಯ ವಸ್ತುವಲ್ಲ. ಎಲ್ಲಿ ಇಟ್ಟರೂ ಏನೂ ಕೆಡುವುದಿಲ್ಲ.

ಕಾಗದ ಬಂದಾಗ ಒದ್ದೆಯ ಲೇಖನಿ ಬಂತು. ಲಾಳದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಸೀಳು ಕೊಟ್ಟರೆ ಲೇಖನಿ. ಮರಾಠಿ ಸೀಮೆಯಲ್ಲಿ ಅದು ಬೋರು, ಮೋಡಿ ಲಿಪಿಯ ಕಾಗದಗಳೆಲ್ಲ ಅದರ ಬರಹ. ಕಾಡಿಗೆ ಮತ್ತು ಗೋಂದು ಅರೆದರೆ ಒಂದು ಬಗೆಯ ಮಸಿ, ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿದರೆ ಇನ್ನೊಂದು ಬಗೆ. ಎರಡು ಸಾಲಿಗೊಮ್ಮೆ ಅದ್ದಬೇಕು. ಅದ್ದುವ ಪಾತ್ರೆ ಉರುಳಬಾರದು, ಅದ್ದಿದ ಲೇಖನಿ ಹಾಸಿಗೆಗೆ ತಾಗಬಾರದು, ಒಣಗಿದ ಮೊನೆಯನ್ನು ಹೆರೆಯಲು ಚಾಕು ಕೈಗೆಟುಕಬೇಕು. ಇವೆಲ್ಲವನ್ನೂ ಒಂದೇ ಕಡೆ ಹಿಡಿದಿಡುವ ವಸ್ತುವೇ ಮೊದಲ ಪೀಠ. ಅದರ ಹೆಸರುಗಳು ಬಂದ ದಾರಿಯನ್ನು ಭಾಷೆಯೇ ಹೇಳುತ್ತದೆ. ಹಳೆ ಮೈಸೂರಿನ ಮಸಿಕುಡಿಕೆ ಉತ್ತರ ಕರ್ನಾಟಕದಲ್ಲಿ ದೌತಿ, ಅದು ಅರಬ್ಬಿಯ ದವಾತ್. ಲೇಖನಿ ಇಡುವ ಪೆಟ್ಟಿಗೆ ಕಲಂದಾನಿ, ಅದು ಪಾರಸಿಯ ದಾರಿಯಲ್ಲಿ ಬಂದದ್ದು.

ಮೊಗಲರ ಆಸ್ಥಾನದಲ್ಲಿ ಕಲಂದಾನಿ ಅಧಿಕಾರದ ಗುರುತಾಗಿತ್ತು. ವಜೀರನ ಪದವಿ ಕೊಡುವಾಗ ಹರಳು ಕೂರಿಸಿದ ಕಲಂದಾನಿಯನ್ನು ಕೊಡುವ ಪದ್ಧತಿಯಿತ್ತು. ಜಹಾಂಗೀರನಿಗಾಗಿ ಮೂಮಿನ್ ಎಂಬ ಕುಶಲಕರ್ಮಿ 1618-19ರಲ್ಲಿ ಕಡುಹಸಿರು ಜೇಡ್ ಕಲ್ಲಿನಲ್ಲಿ ಕೊರೆದ ಅಂಗೈಯಗಲದ ಮಸಿಕುಡಿಕೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಆ ಕುಡಿಕೆಯಲ್ಲಿ ಅದ್ದಿದ ಲೇಖನಿಗಳು ಉಳಿದಿಲ್ಲ. ಲೇಖನಿ ಸವೆಯುತ್ತಿತ್ತು, ಬದಲಾಗುತ್ತಿತ್ತು. ಅದಕ್ಕೊಂದು ಬೆಲೆಯೂ ಇರಲಿಲ್ಲ. ಬೆಲೆಯಿದ್ದದ್ದು ಅದರ ಆಸನಕ್ಕೆ. ಕಾಶ್ಮೀರದಲ್ಲಂತೂ ಕಾಗದದ ತಿರುಳಿನಿಂದ ಅಚ್ಚು ಹೊಯ್ದು ಬಣ್ಣ ಬರೆಯುವ ಇಡೀ ಕಸುಬಿಗೆ ಕಾರ್-ಎ-ಕಲಂದಾನಿ, ಎಂದರೆ ಕಲಂದಾನಿಯ ಕೆಲಸ, ಎಂಬ ಹೆಸರೇ ಬಿತ್ತು.

ಕಂಪನಿಯ ಅಧಿಕಾರಿಗಳು ಬಂದಾಗ ಗಿರಾಕಿ ಬದಲಾದ, ವಸ್ತು ಮುಂದುವರಿಯಿತು. ಹದಿನೆಂಟನೇ ಶತಮಾನದ ವಿಶಾಖಪಟ್ಟಣದ ಕೆಲಸಗಾರರು ಗಂಧದ ಮರದ ಪೆಟ್ಟಿಗೆಗೆ ದಂತದ ತೆಳು ಹಲಗೆ ಹೊದಿಸಿ, ಅದರ ಮೇಲೆ ಕೊರೆದ ಚಿತ್ತಾರಕ್ಕೆ ಕಪ್ಪು ಅರಗು ತುಂಬಿ ಬರೆಯುವ ಪೆಟ್ಟಿಗೆಗಳನ್ನು ಮಾಡಿದರು. ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರದ ಕಡೆಯ ಗುಡಿಗಾರರದೂ ಇದೇ ಕತೆ. ಮದುವೆಗೆ ಬೆಂಡಿನ ಬಾಸಿಂಗ ಕಟ್ಟುತ್ತಿದ್ದ, ದೇವರ ಮಂಟಪಕ್ಕೆ ಕೆತ್ತುತ್ತಿದ್ದ ಕೈಗಳು ಹತ್ತೊಂಬತ್ತನೇ ಶತಮಾನದಲ್ಲಿ ಶ್ರೀಗಂಧದ ಕರಂಡಕ, ಪೆಟ್ಟಿಗೆ, ಮೇಜಿನ ಮೇಲಿಡುವ ಸಾಮಾನುಗಳನ್ನು ಕೆತ್ತಿದವು. ಆ ವಸ್ತುಗಳು ದೊರೆಗಳ ಕೈಸೇರಿದವು, ಪ್ರದರ್ಶನಗಳಲ್ಲಿ ಬಹುಮಾನ ಪಡೆದವು. ಪ್ರದರ್ಶನದ ಪಟ್ಟಿಗಳಲ್ಲಿ ಊರಿನ ಹೆಸರು ಇರುತ್ತಿತ್ತು, ಜಾತಿಯ ಹೆಸರು ಇರುತ್ತಿತ್ತು. ಕೆತ್ತಿದವನ ಹೆಸರು ಅಪರೂಪ.

ಕಚೇರಿಯ ಮೇಜು

ಬ್ರಿಟಿಷ್ ಕಚೇರಿ ಬರಹಗಾರನನ್ನು ನೆಲದಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿತು. ಚಕ್ಕಳಮಕ್ಕಳ ಹಾಕಿ, ಇಳಿಜಾರು ಮುಚ್ಚಳದ ಪೆಟ್ಟಿಗೆಯ ಮೇಲೆ ಕಿರ್ದಿ ಬರೆಯುವುದು ಅಂಗಡಿಗಳಲ್ಲಿ ಬಹುಕಾಲ ಉಳಿಯಿತು. ಸರ್ಕಾರದ ಕೆಲಸ ಮಾತ್ರ ಮೇಜಿಗೆ ಏರಿತು. ಜೊತೆಗೆ ಲಾಳದ ಕಡ್ಡಿಯ ಜಾಗಕ್ಕೆ ಉಕ್ಕಿನ ಮೊನೆ ಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಜೋಸೆಫ್ ಗಿಲಾಟ್, ಜೊಸಾಯ ಮೇಸನ್ ಮೊದಲಾದವರ ಕಾರ್ಖಾನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ಯಂತ್ರದಲ್ಲಿ ಒತ್ತಿದ ಉಕ್ಕಿನ ನಿಬ್ಬನ್ನು ಜಗತ್ತಿಗೆಲ್ಲ ಕಳಿಸಿದವು. ಮರದ ಹಿಡಿ, ತುದಿಗೆ ಸಿಕ್ಕಿಸುವ ನಿಬ್ಬು. ಹುಬ್ಬಳ್ಳಿ, ಬೆಳಗಾವಿಯ ಹಳಬರಿಗೆ ಅದು ಟಾಕು.

ಟಾಕಿಗೂ ಹೊಟ್ಟೆಯಿಲ್ಲ. ಹಾಗಾಗಿ ಮೇಜಿನ ಮೇಲೆ ಮರದ ತಟ್ಟೆ, ಅದರಲ್ಲಿ ಕಪ್ಪು ಮತ್ತು ಕೆಂಪು ಮಸಿಯ ಎರಡು ಗಾಜಿನ ಕುಪ್ಪಿ, ಮುಂದುಗಡೆ ಟಾಕು ಮಲಗಿಸುವ ತೋಡು. ಶಾಲೆಯ ಡೆಸ್ಕಿನಲ್ಲಿ ಕುಪ್ಪಿ ಇಳಿಸುವ ದುಂಡು ರಂಧ್ರ. ಇಂದಿನ ಸ್ಟ್ಯಾಂಡಿನ ತೋಡು ನೇರವಾಗಿ ಆ ತಟ್ಟೆಯ ತೋಡಿನ ವಂಶದ್ದು. ಅಂದು ಆ ತೋಡು ಇದ್ದದ್ದು ಟಾಕು ಉರುಳಿ ದಾಖಲೆಯ ಮೇಲೆ ಮಸಿ ಚೆಲ್ಲದಿರಲಿ ಎಂಬ ಒಂದೇ ಕಾರಣಕ್ಕೆ.

ಇದು ಭಾರತದ ಮಾತು ಮಾತ್ರವಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಫಿಲಿಪ್ ಸಿಂಗ್ ಎಂಬ ಬೆಳ್ಳಿ ಕೆಲಸಗಾರ 1752ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆಗೆ ಮಾಡಿಕೊಟ್ಟ ಮಸಿಪೀಠವನ್ನೇ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕುವಾಗ ಬಳಸಿದರು ಎಂದು ಅಲ್ಲಿನವರು ಅದನ್ನು ಕಾಪಾಡಿಕೊಂಡಿದ್ದಾರೆ. ಸಹಿ ಹಾಕಿದ ಹಕ್ಕಿಗರಿಗಳು ಕಸವಾದವು, ಪೀಠ ಉಳಿಯಿತು.

ಪೀಠ ಕಳೆದುಕೊಂಡ ಪೆನ್ನು

ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪಡೆದ ಪೇಟೆಂಟು ಈ ಸಂಬಂಧವನ್ನು ಕಡಿದು ಹಾಕಿತು. ಶಾಯಿ ಒಳಗಿರುವ ಪೆನ್ನುಗಳು ಅದಕ್ಕೂ ಮೊದಲು ಇದ್ದವು. ಆದರೆ ಒಮ್ಮೆ ಬರೆಯವು, ಒಮ್ಮೆ ಸುರಿಸುತ್ತವೆ. ಶಾಯಿ ಹೊರಬಂದಷ್ಟೇ ಗಾಳಿ ಒಳಹೋಗುವಂತೆ ನಾಲಗೆಯಲ್ಲಿ ಸಣ್ಣ ಸೀಳುಗಳನ್ನು ಕೊಯ್ದು ವಾಟರ್‌ಮನ್ ಆ ತೊಂದರೆಯನ್ನು ಹತೋಟಿಗೆ ತಂದ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಳಕ್ಕೆ ಕ್ಲಿಪ್ಪು ಬಂತು. ಅಲ್ಲಿಗೆ ಪೆನ್ನು ಮೇಜಿನ ಹಂಗು ಬಿಟ್ಟು ಮನುಷ್ಯನ ಎದೆಗೆ ಏರಿತು. ಮೇಷ್ಟರ ಜೇಬು, ವಕೀಲರ ಕೋಟು, ಪತ್ರಿಕೆಯ ವರದಿಗಾರನ ಅಂಗಿ, ಎಲ್ಲ ಕಡೆ ಪೆನ್ನು ಕಾಣಿಸುವುದೇ ಅಕ್ಷರಸ್ಥನ ಗುರುತಾಯಿತು. ಓದು ಬಾರದವರೂ ಮದುವೆಯ ಫೋಟೋಕ್ಕೆ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ ಕಾಲ ಅದು.

ಪೀಠ ಪೂರ್ತಿ ಸಾಯಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಪೆನ್ನು ಕಂಪನಿಗಳು ಅಮೃತಶಿಲೆಯಂಥ ಕಲ್ಲಿನ ಅಡಿ, ಅದರ ಮೇಲೆ ಓರೆಯಾದ ಕೊಳವೆ, ಅದರಲ್ಲಿ ಬಾಲದಂತೆ ತೆಳ್ಳಗಾಗುವ ಉದ್ದನೆಯ ಪೆನ್ನು ಇರುವ ಮೇಜಿನ ಜೋಡಿಗಳನ್ನು ಮಾರತೊಡಗಿದವು. ಮ್ಯಾನೇಜರರ ಮೇಜಿಗೆ, ನಿವೃತ್ತಿಯ ಕಾಣಿಕೆಗೆ ಅವು ಸಲ್ಲುತ್ತಿದ್ದವು. ಅಲ್ಲಿ ಪೀಠ ಹೇಳುತ್ತಿದ್ದದ್ದು ಪೆನ್ನಿನ ವಿಷಯವನ್ನಲ್ಲ, ಅದರ ಹಿಂದೆ ಕೂತವರ ವಿಷಯವನ್ನು. ಜಹಾಂಗೀರನ ಕಾಲದ ನೆರಳು ಅದು.

ಗೋದಾವರಿ ದಡದ ಕರಿ ಪೆನ್ನು

ಭಾರತದ ಕೈಪೆನ್ನು ಹುಟ್ಟಿದ್ದು ಇದಕ್ಕೆ ವಿರುದ್ಧವಾದ ಆಸೆಯಿಂದ. ರಾಜಮಂಡ್ರಿಯ ಕೋಸೂರಿ ವೆಂಕಟ ರತ್ನಂ ಅವರಿಗೆ ಸ್ವದೇಶಿಯಾಗಿ ಏನಾದರೂ ಮಾಡಬೇಕೆಂಬ ಹಂಬಲ ಹುಟ್ಟಿದ್ದು ಗಾಂಧಿಯವರ ಮಾತಿನಿಂದ ಎಂಬುದು ಆ ಊರಿನಲ್ಲಿ ಹೇಳುತ್ತ ಬಂದ ಕತೆ. 1932ರಲ್ಲಿ ರತ್ನಂ ಪೆನ್ನಿನ ಕೆಲಸ ಶುರುವಾಯಿತು. ಪೆನ್ನು ಗಾಂಧಿಯವರಿಗೆ ತಲುಪಿದ್ದು ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ.ಸಿ. ಕುಮಾರಪ್ಪನವರ ಮೂಲಕ. 1935ರ ಜುಲೈ 16ರಂದು ಗಾಂಧಿ ರತ್ನಂ ಅವರಿಗೆ ಕಾಗದ ಬರೆದು, ಪೆನ್ನನ್ನು ಬಳಸಿ ನೋಡಿದ್ದಾಗಿಯೂ ಬಜಾರಿನ ವಿದೇಶಿ ಪೆನ್ನುಗಳ ಬದಲಿಗೆ ಇದು ನಡೆಯುವಂತೆ ಕಾಣುವುದಾಗಿಯೂ ತಿಳಿಸಿದರು.

ಈ ಮೆಚ್ಚುಗೆಯ ತೂಕ ತಿಳಿಯಬೇಕಾದರೆ ಹೊತ್ತನ್ನು ನೆನೆಯಬೇಕು. ಗ್ರಾಮೋದ್ಯೋಗ ಸಂಘ ಹುಟ್ಟಿದ್ದು 1934ರ ಕೊನೆಯಲ್ಲಿ. ವಾರ್ಧಾದಲ್ಲಿ ಕೈಕಾಗದ, ಗಾಣದ ಎಣ್ಣೆ, ಹಳ್ಳಿಯಲ್ಲೇ ಮಾಡಿದ ಲೇಖನಿ ಮತ್ತು ಮಸಿಯ ಮಾತು ನಡೆಯುತ್ತಿದ್ದ ಕಾಲ. ಅಲ್ಲಿ ಫೌಂಟನ್ ಪೆನ್ನು ಸ್ವಲ್ಪ ಅನುಮಾನದ ವಸ್ತು. ಅಂಥಲ್ಲಿ ಒಪ್ಪಿಗೆ ಪಡೆಯಲು ಪೆನ್ನು ಚೆಂದವಾಗಿದ್ದರೆ ಸಾಲದು, ಬರೆಯಬೇಕಿತ್ತು. ಗಾಂಧಿಯವರ ಕಾಗದದ ಬೆಲೆ ಇರುವುದು ಅವರು ಪೆನ್ನನ್ನು ಹೊಗಳಿದ್ದರಲ್ಲಿ ಅಲ್ಲ, ಬಳಸಿ ನೋಡಿ ಬರೆದದ್ದರಲ್ಲಿ.

ಆ ಪೆನ್ನುಗಳ ಮೈ ಎಬೊನೈಟಿನದು. ನೈಸರ್ಗಿಕ ರಬ್ಬರಿಗೆ ಬಹಳಷ್ಟು ಗಂಧಕ ಬೆರೆಸಿ ಗಂಟೆಗಟ್ಟಲೆ ಕಾಯಿಸಿದರೆ ಅದು ಗಟ್ಟಿಯಾಗಿ, ಕಪ್ಪಾಗಿ, ಕಡೆಯಲು ಬರುವ ವಸ್ತುವಾಗುತ್ತದೆ. ಅಮೆರಿಕದ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಅದರ ಪೇಟೆಂಟು ಪಡೆದ. ಎಬೊನಿ ಎಂದರೆ ಕರಿಮರ. ಅದರ ಬದಲಿಗೆ ಬಂದದ್ದರಿಂದ ಎಬೊನೈಟ್. ಹೆಸರಿನಲ್ಲೇ ಮರವಿದೆ. ಕೆಲಸವೂ ಮರ ಕಡೆಯುವ ಕೆಲಸದ ತಮ್ಮನಂತೆ. ಸರಳನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿ ಕೊಟ್ಟರೆ ರಿಬ್ಬನ್ನಿನಂತೆ ಸುರುಳಿ ಬರುತ್ತದೆ, ಸುಟ್ಟ ರಬ್ಬರಿನ ವಾಸನೆ ಏಳುತ್ತದೆ. ಒಳಗೆ ಕೊರೆದು ಶಾಯಿಗೆ ಜಾಗ, ಕೊರಳಿಗೆ ಮರೆ, ಮುಚ್ಚಳಕ್ಕೆ ಮರೆ, ನಿಬ್ಬಿನ ಕೆಳಗೆ ಎಬೊನೈಟಿನದೇ ನಾಲಗೆ. ಸ್ಪ್ರಿಂಗಿಲ್ಲ, ಪಂಪಿಲ್ಲ. ಫಿಲ್ಲರಿನಿಂದ ಶಾಯಿ ಹನಿಸಿ ತುಂಬುವುದು. ಕೆಟ್ಟರೆ ಬಿಚ್ಚಬಹುದು, ತೊಳೆಯಬಹುದು, ನಿಬ್ಬು ಬದಲಿಸಬಹುದು. ಸಾಮಾನ್ಯನ ಪೆನ್ನು ಎಂದರೆ ಇದೇ.

ರಾಜಮಂಡ್ರಿಯಲ್ಲಿ ಒಂದರಿಂದ ಇನ್ನೊಂದು ಹುಟ್ಟಿತು. ಗೈಡರ್ ಪೆನ್ನುಗಳ ಮನೆಯೂ ಅದೇ ಊರು. ಹೈದರಾಬಾದಿನಲ್ಲಿ, ಚೆನ್ನೈ ಸುತ್ತಮುತ್ತ, ತಿರುವಳ್ಳೂರಿನಲ್ಲಿ ಕೈಪೆನ್ನಿನ ಕೆಲಸ ನೆಲೆಯಾಯಿತು. ಪರೀಕ್ಷೆಯ ಹಿಂದಿನ ದಿನ ನಿಬ್ಬನ್ನು ಕಲ್ಲಿಗೆ ಹದವಾಗಿ ತಿಕ್ಕಿಸಿಕೊಳ್ಳಲು ಹುಡುಗರು ಸಾಲು ನಿಲ್ಲುತ್ತಿದ್ದ ಅಂಗಡಿಗಳು ಊರೂರಲ್ಲಿ ಇದ್ದವು. ಯಾರ ಮನೆಯಲ್ಲೂ ಈ ಪೆನ್ನಿಗೆ ಸ್ಟ್ಯಾಂಡು ಇರಲಿಲ್ಲ. ಇರುತ್ತಿದ್ದದ್ದು ಒಂದೇ ಪೆನ್ನು, ಅದರ ಜಾಗ ಜೇಬು ಅಥವಾ ಕಂಪಾಸ್ ಪೆಟ್ಟಿಗೆ.

ಬರವಣಿಗೆ ಬಿಟ್ಟುಹೋದ ಮೇಲೆ

1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಯಲ್ಲಿ ಬಾಲ್‌ಪೆನ್ ಮಾರಾಟಕ್ಕೆ ಬಂದಾಗ ಅದರ ಬೆಲೆ 12.50 ಡಾಲರ್, ಅಂದಿನ ಲೆಕ್ಕದಲ್ಲಿ ದುಬಾರಿ. ಕೆಲವೇ ವರ್ಷಗಳಲ್ಲಿ ಅದು ಬಳಸಿ ಎಸೆಯುವ ವಸ್ತುವಾಯಿತು. ಫ್ರಾನ್ಸಿನ ಬಿಕ್ ಕಂಪನಿ 1950ರಲ್ಲಿ ತಂದ ಅಗ್ಗದ ಪೆನ್ನು ಜಗತ್ತನ್ನೇ ಸುತ್ತಿತು. ಭಾರತದ ಶಾಲೆಗಳು ಕೆಲಕಾಲ ಅಕ್ಷರ ಕೆಡುತ್ತದೆಂದು ಬಾಲ್‌ಪೆನ್ನನ್ನು ದೂರವಿಟ್ಟವು. ಆದರೆ ಸೋರದ, ಕೈ ಮಸಿಯಾಗದ, ಕಾರ್ಬನ್ ಪ್ರತಿ ತೆಗೆಯಬಲ್ಲ ಪೆನ್ನನ್ನು ಎಷ್ಟು ದಿನ ತಡೆಯಲಾದೀತು? ಕೈಪೆನ್ನಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದವರು ಹಳೆಯ ಗಿರಾಕಿಗಳ ಬಲದಲ್ಲಿ ಉಳಿದರು.

ಅವರನ್ನು ಎತ್ತಿ ನಿಲ್ಲಿಸಿದ್ದು, ವಿಚಿತ್ರವೆಂದರೆ, ಬರವಣಿಗೆಯನ್ನೇ ಅಳಿಸುತ್ತಿರುವ ಇಂಟರ್ನೆಟ್ಟು. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ದೂರದೇಶದ ಹವ್ಯಾಸಿಗಳಿಗೆ ಭಾರತದ ಎಬೊನೈಟ್ ಪೆನ್ನು ಸಿಕ್ಕಿತು. ಬಂಗಾರದ ಬಣ್ಣ, ಹಸಿರು, ಕಂದು ಸುಳಿಗಳ ಸರಳುಗಳು, ಹೆಬ್ಬೆರಳಿಗಿಂತ ದಪ್ಪನೆಯ ಪೆನ್ನುಗಳು, ಹೇಳಿದ ಅಳತೆಗೆ ಮಾಡಿಕೊಡುವ ಕೆಲಸಗಾರ. ಒಂದು ಪೆನ್ನಿನಲ್ಲಿ ತೃಪ್ತರಾಗುವ ಗಿರಾಕಿ ಇವರಲ್ಲ. ಹತ್ತು, ಇಪ್ಪತ್ತು, ಐವತ್ತು ಪೆನ್ನು ಕೂಡಿಸಿದವರಿಗೆ ಜೇಬು ಸಾಲದು. ಹೀಗೆ ಬಂತು ಮರದ ಸ್ಟ್ಯಾಂಡು. ಮಾಡಿದವರಿಗೆ ಇದರಿಂದ ಸಿಗುವ ಲಾಭ ಸಣ್ಣದಲ್ಲ. ಬಳಸುವವನೊಬ್ಬ ಇಪ್ಪತ್ತು ವರ್ಷಕ್ಕೆ ಒಂದು ಪೆನ್ನು ಕೊಳ್ಳುತ್ತಾನೆ, ಜೋಡಿಸಿಡುವವನು ವರ್ಷಕ್ಕೆ ನಾಲ್ಕು. ಲೇತ್ ನಿಲ್ಲದೆ ತಿರುಗುತ್ತಿದ್ದರೆ ಅದರಲ್ಲಿ ಸ್ಟ್ಯಾಂಡಿನ ಪಾಲೂ ಇದೆ.

ನೋಡುವುದಕ್ಕೆಂದೇ ಪೆನ್ನು ಮಾಡಿದರೆ ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ 2009ರ ಒಂದು ಉದಾಹರಣೆ ಸಾಕು. ಆ ವರ್ಷ ಗಾಂಧಿ ಜಯಂತಿಯ ಹೊತ್ತಿಗೆ ಮಾಂಟ್‌ಬ್ಲಾಂಕ್ ಕಂಪನಿ ಗಾಂಧಿಯವರ ಹೆಸರಿನಲ್ಲಿ 241 ಚಿನ್ನದ ಪೆನ್ನುಗಳನ್ನು ತಂದಿತು. ದಂಡಿ ನಡಿಗೆಯ ಮೈಲಿಗಳ ಲೆಕ್ಕಕ್ಕೆ 241. ತಕಲಿಗೆ ಸುತ್ತಿದ ನೂಲು ನೆನಪಾಗಲೆಂದು ಮೈಗೆ ಚಿನ್ನದ ಎಳೆ, ನಿಬ್ಬಿನ ಮೇಲೆ ಕೋಲು ಹಿಡಿದ ಗಾಂಧಿ. ಒಂದರ ಬೆಲೆ 11 ಲಕ್ಷ ರೂಪಾಯಿಗೂ ಮೇಲೆ. ಗಾಂಧಿಯವರ ಹೆಸರು, ಚಿತ್ರವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನಗಳು ಮತ್ತು ಹೆಸರುಗಳ ಕಾಯಿದೆ ತಡೆಯುತ್ತದೆಂದು ಕೇರಳ ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. 2010ರಲ್ಲಿ ಕಂಪನಿ ಭಾರತದಲ್ಲಿ ಅದರ ಮಾರಾಟ ನಿಲ್ಲಿಸಿತು. ಕಾನೂನಿನ ತಕರಾರು ಹೆಸರಿನದು. ಅದನ್ನು ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ಗಾಂಧಿ ಬಳಸಿ ನೋಡಿದ ಪೆನ್ನು ಒಂದಿತ್ತು. ಅವರ ಹೆಸರಿನ ಈ ಪೆನ್ನಿನಿಂದ ಕಾಗದ ಬರೆದವರು ಎಷ್ಟು ಜನ ಇದ್ದಾರು?

ಸ್ಟ್ಯಾಂಡು ಮಾಡುವ ಕೆಲಸ

ಒಳ್ಳೆಯ ಸ್ಟ್ಯಾಂಡು ಮಾಡುವುದು ನೋಡಿದಷ್ಟು ಸುಲಭವಲ್ಲ. ಕೈಪೆನ್ನುಗಳು ಒಂದರಂತೆ ಒಂದಿರುವುದಿಲ್ಲ. ಒಂದು 13 ಮಿಲಿಮೀಟರು ದಪ್ಪ, ಇನ್ನೊಂದು 18. ಕೆಲವು ಬೀಡಿಯ ಹಾಗೆ ತುದಿಗೆ ಸಣ್ಣಗಾಗುತ್ತವೆ, ಕೆಲವಕ್ಕೆ ಕ್ಲಿಪ್ಪೇ ಇಲ್ಲ, ಇಟ್ಟಲ್ಲಿಂದ ಉರುಳುತ್ತವೆ. ಆದ್ದರಿಂದ ತೋಡು ಅತಿ ದಪ್ಪದ ಪೆನ್ನಿಗೂ ಸಡಿಲವಾಗಿ ಹೊಂದಬೇಕು, ಅತಿ ಸಣ್ಣದನ್ನೂ ಉರುಳಲು ಬಿಡಬಾರದು. ಬಡಗಿ ಎರಡು ಪಟ್ಟಿಗಳನ್ನು ಒತ್ತಾಗಿ ಬಿಗಿದು, ಅವು ಕೂಡುವ ಗೆರೆಯ ಮೇಲೆ ಬೈರಿಗೆಯಿಂದ ಸಾಲಾಗಿ ರಂಧ್ರ ಕೊರೆದು, ಬಿಡಿಸಿದರೆ ಎರಡಕ್ಕೂ ಸಮನಾದ ಅರೆದುಂಡು ತೋಡುಗಳು ಸಿಗುತ್ತವೆ. ಒಂದು ಪಟ್ಟಿ ಮುಂದೆ, ಇನ್ನೊಂದು ತುಸು ಎತ್ತರದಲ್ಲಿ ಹಿಂದೆ. ಇಕ್ಕೆಲಕ್ಕೆ ಎರಡು ಹಲಗೆ ಸೇರಿಸಿ, ಉಪ್ಪುಕಾಗದ ಹಾಕಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚಿದರೆ ಮುಗಿಯಿತು.

ಮಲಗಿಸುವುದೋ ನಿಲ್ಲಿಸುವುದೋ ಎಂಬುದು ಅಂದದ ಪ್ರಶ್ನೆಯಲ್ಲ, ಶಾಯಿಯ ಪ್ರಶ್ನೆ. ಫಿಲ್ಲರಿನಿಂದ ತುಂಬುವ ಪೆನ್ನಿನಲ್ಲಿ ಶಾಯಿ ಕಮ್ಮಿಯಾದಷ್ಟೂ ಗಾಳಿ ಹೆಚ್ಚು. ಬಿಸಿಗೆ ಗಾಳಿ ಹಿಗ್ಗಿ ಶಾಯಿಯನ್ನು ನೂಕುತ್ತದೆ. ನಿಬ್ಬು ಕೆಳಗಿದ್ದರೆ ಮುಚ್ಚಳದೊಳಗೆ ಶಾಯಿ ತುಂಬುತ್ತದೆ. ನಿಬ್ಬು ಮೇಲಾಗಿ ನಿಲ್ಲಿಸಿದರೆ ಸೋರುವುದಿಲ್ಲ, ಆದರೆ ನಾಲಗೆಯ ಶಾಯಿ ಕೆಳಗಿಳಿದು ಮೊದಲ ಅಕ್ಷರ ತಡವಾಗುತ್ತದೆ. ಮಲಗಿಸಿದರೆ ಎರಡರ ನಡುವಿನ ಹದ, ಹಿಂದಿನ ಪಟ್ಟಿ ತುಸು ಎತ್ತರವಾಗಿದ್ದು ನಿಬ್ಬು ಅತ್ತ ಕಡೆ ಇದ್ದರೆ ಇನ್ನೂ ಕ್ಷೇಮ. ಹೀಗೆ ಯೋಚಿಸಿ ಮಾಡಿದ ಸ್ಟ್ಯಾಂಡು ಪೆನ್ನಿನಲ್ಲಿ ಶಾಯಿ ಇದೆ ಎಂದು ನಂಬಿ ಮಾಡಿದ್ದು. ಪೆನ್ನನ್ನು ತೊಳೆದು ಒಣಗಿಸಿ ಇಡುವವರಿಗೆ ಈ ಲೆಕ್ಕ ಯಾವುದೂ ಬೇಡ.

ಮರದ ಆಯ್ಕೆಗೂ ಚರಿತ್ರೆಯಿದೆ. ಚನ್ನಪಟ್ಟಣದ ಬೊಂಬೆಗಳ ಹಾಲೆ ಮರ ಬಿಳಿ, ನುಣುಪು, ಅರಗಿನ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಕಡೆದ ದುಂಡನೆಯ ಪೆನ್ ಸ್ಟ್ಯಾಂಡುಗಳು ಎಷ್ಟೋ ಕಚೇರಿಗಳ ಮೇಜಿನ ಮೇಲಿವೆ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರು ಅಂಕುಡು ಎಂದು ಕರೆಯುವುದೂ ಇದೇ ಮರವನ್ನು. ಬೀಟೆ ಎಲ್ಲರಿಗೂ ಇಷ್ಟ, ಮೈಸೂರಿನ ಕೂರಿಸುವ ಕೆಲಸದ ಕೀರ್ತಿ ಅದರದು. ಆದರೆ ಬೀಟೆಯ ಕುಲವನ್ನೆಲ್ಲ 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಕಣ್ಗಾವಲಿನ ಪಟ್ಟಿಗೆ ಸೇರಿಸಲಾಯಿತು. ಮೈಸೂರು ಸೀಮೆಯ ಶ್ರೀಗಂಧ ಟಿಪ್ಪುವಿನ ಕಾಲದಿಂದ ಅರಮನೆಯ ಸೊತ್ತು. ಬೆಳೆದ ರೈತನಿಗೆ ಮರದ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯ ನಂತರ. ಹಾಗಾಗಿ ಸ್ಟ್ಯಾಂಡು ಮಾಡುವವರಿಗೆ ಹಳೆ ಬಾಗಿಲ ಚೌಕಟ್ಟಿನ ತೇಗ, ಹಲಸು, ಮಾವು ಇವೇ ಒಳ್ಳೆಯವು. ಹಳೆಯ ಮರ ಚೆನ್ನಾಗಿ ಒಣಗಿರುತ್ತದೆ, ಸೊಟ್ಟಗಾಗುವುದಿಲ್ಲ.

ಒಣಗಿರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮರ ಉಸಿರಾಡುತ್ತದೆ. ಹಸಿ ಮರ, ಪ್ಲೈವುಡ್ಡಿನ ಅಂಟು, ಹೊಸ ಬಣ್ಣ ಇವೆಲ್ಲ ಆಮ್ಲದ ಆವಿ ಬಿಡುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರಿಗೆ ಇದು ದೊಡ್ಡ ತಲೆನೋವಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಬೆಳ್ಳಿಯೇ ಕಪ್ಪಾಗುತ್ತಿತ್ತು. ಕಾರಣ ಅದರ ಕೆಳಗೆ ಹಾಸಿದ ಉಣ್ಣೆ ಬಟ್ಟೆಯ ಗಂಧಕ. 1973ರಲ್ಲಿ ಆ್ಯಂಡ್ರೂ ಆಡಿ ಒಂದು ಪರೀಕ್ಷೆಯನ್ನು ರೂಪಿಸಿದರು. ಹಾಸುವ ಬಟ್ಟೆ ಅಥವಾ ಮರದ ಚೂರನ್ನು ಬೆಳ್ಳಿ, ಸೀಸ, ತಾಮ್ರದ ತುಣುಕಿನೊಂದಿಗೆ ಗಾಜಿನ ಕೊಳವೆಯಲ್ಲಿ ಮುಚ್ಚಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಇಟ್ಟು, ಲೋಹ ಕೆಟ್ಟಿತೇ ಎಂದು ನೋಡುವುದು. ಪ್ರದರ್ಶನವೇ ವಸ್ತುವನ್ನು ತಿನ್ನಬಲ್ಲದು ಎಂಬುದನ್ನು ವಸ್ತುಸಂಗ್ರಹಾಲಯಗಳು ಹೀಗೆ ಕಲಿತವು. ಪೆನ್ನಿನ ಪೀಠಕ್ಕೂ ಈ ಪಾಠ ಸಲ್ಲುತ್ತದೆ. ತೋಡಿಗೆ ಉಣ್ಣೆಯ ಬನಾತಿಗಿಂತ ತೊಳೆದ ಹತ್ತಿ ಬಟ್ಟೆ ಮೇಲು. ಗಾಜಿನ ಮುಚ್ಚಳದ ಪೆಟ್ಟಿಗೆಗಿಂತ ಗಾಳಿಯಾಡುವ ತೆರೆದ ಸ್ಟ್ಯಾಂಡು ಮೇಲು. ಎಬೊನೈಟಿನೊಳಗಿನ ಗಂಧಕವೂ ಮೆಲ್ಲಗೆ ಹೊರಬರುವುದರಿಂದ ಬೆಳ್ಳಿಯ ಬಳೆ ಇರುವ ಪೆನ್ನನ್ನು, ತಿಳಿ ಬಣ್ಣದ ಸೆಲ್ಯುಲಾಯ್ಡ್ ಪೆನ್ನನ್ನು ಅದರೊಂದಿಗೆ ಮುಚ್ಚಿಡಬಾರದು.

ಎಲ್ಲಕ್ಕಿಂತ ದೊಡ್ಡ ಶತ್ರು ಬೆಳಕು. ಬಿಸಿಲು ಮತ್ತು ತೇವ ಸೇರಿದರೆ ಎಬೊನೈಟಿನ ಮೇಲ್ಮೈಯ ಗಂಧಕ ಆಮ್ಲವಾಗುತ್ತ ಹೋಗುತ್ತದೆ, ಕರಿ ಮೈ ಮಾಸಿ ಕಂದಾಗುತ್ತದೆ. ಮುಂಬಯಿಯ, ಚೆನ್ನೈನ ಕಡಲ ಗಾಳಿಯಲ್ಲಿ ಕಿಟಕಿಯ ಪಕ್ಕ ಸ್ಟ್ಯಾಂಡು ಇಟ್ಟವರಿಗೆ ಇದು ಬೇಗ ಗೊತ್ತಾಗುತ್ತದೆ. ಜೇಬಿನ ಕತ್ತಲಲ್ಲಿ ಮೂವತ್ತು ವರ್ಷ ಕಪ್ಪಗೆ ಉಳಿಯುತ್ತಿದ್ದ ಪೆನ್ನು, ಎಲ್ಲರೂ ನೋಡಲೆಂದು ಇಟ್ಟಲ್ಲಿ ಬೇಗ ಮುಪ್ಪಾಗುತ್ತದೆ.

ಪೂಜೆಯ ಮರುದಿನ

ಪೆನ್ನನ್ನು ಬರೆಯದೆ ಕೂರಿಸುವುದು ಈ ದೇಶಕ್ಕೆ ಹೊಸದಲ್ಲ. ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಪುಸ್ತಕ, ಪೆನ್ನುಗಳನ್ನು ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಹಾಕಿದರೆ ಮುಂದೆ ಎತ್ತುವವರೆಗೆ ಯಾರೂ ಮುಟ್ಟುವುದಿಲ್ಲ. ಮಕ್ಕಳಿಗೆ ಅದೊಂದು ಅಧಿಕೃತ ರಜೆ. ಮುಂಬಯಿಯ ಗುಜರಾತಿ ಪೇಟೆಗಳಲ್ಲಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಗಳಿಗೆ ಚೋಪ್ಡಾ ಪೂಜೆ. ದಿಲ್ಲಿ, ಉತ್ತರಪ್ರದೇಶ, ಬಿಹಾರದ ಕಾಯಸ್ಥರ ಮನೆಗಳಲ್ಲಿ ದೀಪಾವಳಿಯ ನಂತರದ ಬಿದಿಗೆಯಂದು ಚಿತ್ರಗುಪ್ತನ ಪೂಜೆ, ಆ ದಿನ ಕಲಮು ದವಾತಿಗೆ ನಮಸ್ಕಾರ. ಜಗತ್ತಿನ ಪಾಪಪುಣ್ಯದ ಲೆಕ್ಕ ಬರೆಯುವವನ ಹೆಸರಿನಲ್ಲಿ ಲೇಖನಿಗೆ ಬಿಡುವು.

ಹಾಗೆ ನೋಡಿದರೆ ನಾಡಿನ ಹಳೆಯ ಪೆನ್ ಸ್ಟ್ಯಾಂಡು ಮಣೆಯೇ. ಅದರ ನಿಯಮ ಸರಳ. ಕೂರಿಸುವ ದಿನ ಗೊತ್ತಿದೆ, ಎತ್ತುವ ದಿನವೂ ಗೊತ್ತಿದೆ. ವಿಜಯದಶಮಿಯ ಬೆಳಿಗ್ಗೆ ಪೆನ್ನು ಎತ್ತಿ ಒಂದು ಸಾಲಾದರೂ ಬರೆಯಬೇಕು, ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ತಿದ್ದಿಸಬೇಕು. ಎತ್ತದಿದ್ದರೆ ಪೂಜೆ ಅರ್ಧಕ್ಕೆ ನಿಂತಂತೆ.

ಈ ನಿಯಮವನ್ನು ಬಲ್ಲ ಬಡಗಿಯ ಕೈಯಲ್ಲಿ ಸ್ಟ್ಯಾಂಡು ಬೇರೆಯಾಗುತ್ತದೆ. ಎರಡು ಪೆನ್ನುಗಳ ನಡುವೆ ಅವನು ಬೆರಳು ಹೋಗುವಷ್ಟು ಜಾಗ ಬಿಡುತ್ತಾನೆ. ಒಂದೇ ಕೈಯಲ್ಲಿ, ಪಕ್ಕದ್ದನ್ನು ಅಲುಗಿಸದೆ, ಬೇಕಾದ ಪೆನ್ನು ಎತ್ತಲು ಬರಬೇಕು. ತೋಡುಗಳನ್ನು ಒತ್ತೊತ್ತಾಗಿ ಕೊರೆದರೆ ಅದೇ ಹಲಗೆಯಲ್ಲಿ ಇನ್ನೂ ನಾಲ್ಕು ಪೆನ್ನು ಹಿಡಿಸಬಹುದು, ನೋಟವೂ ತುಂಬಿದಂತಿರುತ್ತದೆ. ಆದರೆ ಅದರಿಂದ ಪೆನ್ನು ತೆಗೆಯಲು ಹೋದವರು ಎರಡು ಸಲ ತಡವರಿಸಿ, ಮೂರನೇ ಸಲ ಮೇಜಿನ ಮೇಲೆ ಬಿದ್ದಿರುವ ಬಾಲ್‌ಪೆನ್ನನ್ನೇ ಎತ್ತಿಕೊಳ್ಳುತ್ತಾರೆ.

ಕೈಪೆನ್ನುಗಾರರಿಗೂ ಬೇಕಾದ್ದು ಎತ್ತಿಕೊಳ್ಳುವ ಕೈಯೇ. ಬರೆಯುವ ಪೆನ್ನಿನ ನಿಬ್ಬು ಸವೆಯುತ್ತದೆ, ನಾಲಗೆಗೆ ಶಾಯಿ ಕಟ್ಟುತ್ತದೆ, ಮರೆ ಸಡಿಲಾಗುತ್ತದೆ. ಅದು ಮಾಡಿದವರ ಬಳಿಗೆ ದುರಸ್ತಿಗೆ ವಾಪಸು ಬರುತ್ತದೆ. ಮಗ ಅಥವಾ ಮಗಳು ಲೇತಿನ ಪಕ್ಕ ನಿಂತು ಕೆಲಸ ಕಲಿಯುವುದು ಹೊಸ ಪೆನ್ನಿನಲ್ಲಿ ಅಲ್ಲ, ಹೀಗೆ ಕೆಟ್ಟು ಬಂದ ಹಳೆಯದರಲ್ಲಿ. ಸ್ಟ್ಯಾಂಡಿನ ಮೇಲೆಯೇ ಉಳಿದ ಪೆನ್ನು ಎಂದೂ ಕೆಡುವುದಿಲ್ಲ, ಹಾಗಾಗಿ ಯಾರಿಗೂ ಏನನ್ನೂ ಕಲಿಸುವುದಿಲ್ಲ.

ಒಂದು ಎಬೊನೈಟ್ ಪೆನ್ನು ಎಷ್ಟು ದಿನದಿಂದ ಕೂತಿದೆ ಎಂದು ತಿಳಿಯಬೇಕಾದರೆ ಅದನ್ನು ತೋಡಿನಿಂದ ಎತ್ತಿ ತಿರುಗಿಸಿ ನೋಡಿದರೆ ಸಾಕು. ಬೆಳಕಿಗೆ ಒಡ್ಡಿದ ಬದಿ ಕಂದಾಗಿರುತ್ತದೆ. ಮರಕ್ಕೆ ತಾಗಿದ್ದ ಕಡೆ ಮಾತ್ರ, ಲೇತಿನಿಂದ ಇಳಿದ ದಿನ ಇದ್ದಂತೆ, ಕಪ್ಪಗೆ ಹೊಳೆಯುತ್ತಿರುತ್ತದೆ.